ನೆಟ್ಟಗೆ ನಿಲ್ಲುವ ಟಾರ್ಚ್

ಶಿವಾಜಿನಗರದ ನೆಲಮಾಳಿಗೆಯ ಅಂಗಡಿಯೊಂದರಲ್ಲಿ ಕರೆಂಟ್ ಹೋದದ್ದೇ, ಕೈಸನ್ನೆಯಲ್ಲಿ ಮಾತಾಡುತ್ತಿದ್ದ ಕಿವುಡ ದಂಪತಿಯ ಮಾತು ನಿಂತುಹೋಯಿತು. ಹೆಂಡತಿ ಚೀಲದಿಂದ ಪುಟ್ಟ ಎಲ್‌ಇಡಿ ಟಾರ್ಚ್ ತೆಗೆದು ಗಂಡನ ಬೆರಳುಗಳ ಮೇಲೆ ಬೆಳಕು ಬಿಟ್ಟರು. ಆತ ಹೇಳಿ ಮುಗಿಸಿ ಟಾರ್ಚ್ ತೆಗೆದುಕೊಂಡ ಮೇಲೆ ಆಕೆ ಉತ್ತರಿಸಿದರು.

ಅದು ನಾನೇ ವಿನ್ಯಾಸ ಮಾಡಿದ ಟಾರ್ಚ್. ಮುಂದಿನ ಮಾದರಿ ಹೇಗಿರಬೇಕೆಂದು ಗಿರಾಕಿಗಳನ್ನು ಕೇಳಲು ಅಲ್ಲಿಗೆ ಹೋಗಿದ್ದೆ; ಎಲ್ಲರೂ ಇನ್ನಷ್ಟು ಬೆಳಕು ಕೇಳಿದ್ದರು. ಬೆರಗಾಗಿ ಇವರನ್ನೂ ಕೇಳಿದೆ. ಜೊತೆಗಿದ್ದ ಆಕೆಯ ಅಕ್ಕ ಹೇಳಿದರು: “ಬೆಳಕು ಸಾಕು ಸಾರ್. ನೆಟ್ಟಗೆ ನಿಲ್ಲೋ ಹಂಗೆ ಮಾಡಿ. ಹಿಡ್ಕೊಂಡೋರು ಸುಮ್ನಿರ್ಬೇಕು ನೋಡಿ, ಇವ್ರು ಜಗಳ ಆಡೋಕೂ ಕರೆಂಟ್ ಬರ್ಬೇಕು!”

ಟಾರ್ಚನ್ನು ನಾನೇ ಎತ್ತಿ ಹಿಡಿದೆ. ನಾಲ್ಕು ಕೈಗಳೂ ಒಟ್ಟಿಗೇ ಮಾತಿಗಿಳಿದವು. ಕರೆಂಟ್ ಇನ್ನೂ ಸ್ವಲ್ಪ ತಡವಾಗಿ ಬರಲಿ ಎನಿಸಿತು.