ಮೊಲದ ಸೀನು, ನನ್ನ ಕೈಗುಣ

ನನ್ನ ಕೈಗುಣ ಒಳ್ಳೆಯದು. ಬೇರೆಯವರು ಹೇಳಲಿ ಎಂದು ಕಾಯುವ ಸ್ವಭಾವ ನನ್ನದಲ್ಲ, ನಾನೇ ಹೇಳಿಬಿಡುತ್ತೇನೆ. ಸಿಂಧನೂರಿನ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆ ಮೂವತ್ತು ವರ್ಷದಿಂದ ಎರೆಯುತ್ತ ಬಂದವಳು ನಾನು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಅರಿವೆಯಲ್ಲಿ ಸುತ್ತಿ, ಕೊನೆಗೆ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಹೊಗೆ ಹಾಕಿದರೆ ನನ್ನ ಕೆಲಸ ಮುಗಿಯಿತು. ಕೂಸು ಮಧ್ಯಾಹ್ನದ ತನಕ ಕಣ್ಣು ಬಿಡುವುದಿಲ್ಲ. ಎಲ್ಲರ ಕೈಯಲ್ಲಿ ಅಳುವ ಕೂಸು ನನ್ನ ಕಾಲ ಮೇಲೆ ಬಂದರೆ ಸುಮ್ಮನಾಗುತ್ತದೆ ಎನ್ನುತ್ತಾರೆ ಓಣಿಯ ಹೆಂಗಸರು. ಸುಳ್ಳೇನಲ್ಲ.

ಇಂಥವಳ ಮಾನವನ್ನು ಒಂದು ಮೊಲ ತೆಗೆಯಿತು.

ಮೊಲ ನನ್ನ ಮಗಳದು. ಮದುವೆಗೆ ಮುಂಚೆ ಎಲ್ಲಿಂದಲೋ ತಂದು ಸಾಕಿದ್ದಳು. ಬಿಳಿ ಮೈ, ಕೆಂಪು ಕಣ್ಣು, ಮಾಡುವ ಕೆಲಸವೆಂದರೆ ತಿನ್ನುವುದೊಂದೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವಳಿಗೆ ಹೆರದೆಯೇ ಮುದ್ದು. ಅವಳನ್ನು ಮಸ್ಕಿಗೆ ಕೊಟ್ಟೆವು. ಗಂಡನ ಮನೆಯಲ್ಲಿ ಎರಡು ನಾಯಿಗಳಿದ್ದವು, ಹಾಗಾಗಿ ಮೊಲ ನನ್ನ ಪಾಲಿಗೆ ಉಳಿಯಿತು. ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತರಿಸಿ ಅದರ ಪಂಜರದಲ್ಲಿ ಮೆತ್ತಗೆ ಹಾಸಿದೆ. ನನ್ನ ಮನೆಯಲ್ಲಿ ಯಾರಿಗೂ ಕೊರತೆಯಾಗಬಾರದು.

ಕೆಲವು ತಿಂಗಳಿಗೆ ಸೀನು ಶುರುವಾಯಿತು. ಊರಿನ ದನದ ಡಾಕ್ಟರು ಔಷಧ ಕೊಟ್ಟರು, ವಾರದಲ್ಲಿ ಆರಾಮಾಯಿತು. ಮುಂದಿನ ತಿಂಗಳು ಮತ್ತೆ ಸೀನು. ಮತ್ತೆ ಔಷಧ, ಮತ್ತೆ ಆರಾಮ, ಮತ್ತೆ ಸೀನು. ಬರೀ ಔಷಧದಿಂದ ಏನಾಗುತ್ತದೆ ಎಂದು ನನ್ನ ವಿದ್ಯೆಯನ್ನೂ ಸೇರಿಸಿದೆ. ಶುಕ್ರವಾರಕ್ಕೊಮ್ಮೆ ಬೆಚ್ಚಗೆ ನೀರು ಎರೆದು, ಬುಟ್ಟಿ ಮುಚ್ಚಿ ಹೊಗೆ ಹಾಕಿದೆ. ಸೀನು ಜಾಸ್ತಿಯಾದರೆ ದಿನವೂ ಹಾಕಿದೆ. ಎಷ್ಟು ಹಾಕಿದರೂ ಅದು ಮೂಲೆ ಸೇರಿ ಮುದುಡಿ ಕೂಡುತ್ತಿತ್ತು. ಒಂದು ದಿನ ಕೊತ್ತಂಬರಿ ಸೊಪ್ಪನ್ನೂ ಮೂಸಿ ತಿನ್ನದೆ ಬಿಟ್ಟಿತು.

ಆಗ ಮಗಳಿಗೆ ಐದು ತಿಂಗಳು. ಫೋನಿನಲ್ಲಿ ಸುದ್ದಿ ಕೇಳಿ ಅತ್ತಳು.

‘ಯವ್ವಾ, ನಾ ಹಡಿಯಾಕ ಬಂದಾಗ ಅದು ಇರ್ಬೇಕು ಬೇ. ಅಲ್ಲಿತನ ಹೆಂಗಾರ ಮಾಡಿ ಉಳಸು.’

‘ಇಷ್ಟು ಕೂಸು ಜ್ವಾಪಾನ ಮಾಡೀನಿ, ಒಂದು ಮೊಲ ಮಾಡಾಕ ಆಗಂಗಿಲ್ಲೇನ?’ ಎಂದೆ. ಮಾತು ಕೊಟ್ಟ ಮೇಲೆ ಭಯವಾಯಿತು. ಬಸುರಿ ಮಗಳಿಗೆ ಕೊಟ್ಟ ಮಾತು ತಪ್ಪಿದರೆ ನನ್ನ ಕೈಗುಣಕ್ಕೆ ಏನು ಬೆಲೆ?

ಲಿಂಗಸುಗೂರಿನಲ್ಲಿ ಮೊಲದ ಕಾಯಿಲೆ ಬಲ್ಲ ಡಾಕ್ಟರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಮೊಲವನ್ನು ಹೊಟ್ಟು ಹಾಸಿದ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ಬಸ್ಸು ಹತ್ತಿದೆ. ಡಾಕ್ಟರು ನೋಡಿದರೆ ನಾನು ಎರೆದು ಬೆಳೆಸಿದ ಹುಡುಗರಷ್ಟೇ ವಯಸ್ಸಿನವನು. ಕೂಡುವ ಮೊದಲೇ ನನ್ನ ಮೂವತ್ತು ವರ್ಷದ ಕೆಲಸವನ್ನೆಲ್ಲ ಅವನಿಗೆ ಹೇಳಿದೆ. ಅವನು ಮೊಲವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

‘ಇದರ ಮೈಯಾಗ ಲೋಬಾನದ ವಾಸನಿ ಬರಾಕತ್ತೈತಲ್ಲಮ್ಮಾ?’

‘ಬರದ ಇರ್ತೈತೇನ್ರೀ! ಎರದು ಹೊಗಿ ಹಾಕ್ತೀನಿ’ ಎಂದೆ ಹೆಮ್ಮೆಯಿಂದ.

‘ಮೊಲಕ್ಕ ಎರೀತೀರಿ?’ ಎಂದು ಅವನು ನಗು ತಡೆದುಕೊಂಡ. ಆಮೇಲೆ ಅದರ ಮುಂಗಾಲು ಹಿಡಿದು ಒಳಮಗ್ಗುಲನ್ನು ತೋರಿಸಿದ. ಕೂದಲು ಅಂಟಿಕೊಂಡು ಗಂಟುಗಂಟಾಗಿ ಒಣಗಿತ್ತು. ‘ಮೂಗು ಸೋರಿದ್ರ ಇದು ಮುಂಗಾಲೀಲೆ ಒರಸ್ಕೊಂತೈತಿ. ಮೂಗು ನೋಡಿದ್ರ ಗೊತ್ತಾಗಂಗಿಲ್ಲ, ಇಲ್ಲಿ ನೋಡ್ಬೇಕು. ಮೊಲ ಉಸರಾಡೋದು ಮೂಗೀಲೆ ಅಷ್ಟ. ಇರೋ ಒಂದು ದಾರಿಗೆ ನೀವು ಮ್ಯಾಲ ಹೊಗಿ, ಕೆಳಗ ಹೊಟ್ಟಿನ ಧೂಳು ತುಂಬಾಕತ್ತೀರಿ.’

ನಾನು ಮೊಲವನ್ನು ಅವನ ಕೈಯಿಂದ ತೆಗೆದುಕೊಂಡು ಬುಟ್ಟಿಗಿಟ್ಟೆ.

‘ಔಷಧ ಕೊಡ್ತೀನಿ. ಆದ್ರ ಈ ರೋಗ ಪೂರ್ತಿ ಹೋಗಂಗಿಲ್ಲ, ಒಳಗ ಕುಂತಿರ್ತೈತಿ. ಏಳದಂಗ ಕಾಯೋದು ನಿಮ್ಮ ಕೈಯಾಗೈತಿ’ ಎಂದ. ನಾನು ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಬಂದಾಗ ಮತ್ತೆ ಕೇಳಿದ: ‘ಸಣ್ಣ ಕೂಸುಗೋಳಿಗೂ ಹಿಂಗ ಹೊಗಿ ಹಾಕ್ತೀರೇನಮ್ಮಾ?’

ಕೇಳಿಸದವಳ ಹಾಗೆ ಹೊರಟುಬಿಟ್ಟೆ.

ಬಸ್ಸಿನಲ್ಲಿ ಕುದಿಯುತ್ತಿದ್ದೆ. ಅಜ್ಜಿಗೆ ಕೆಮ್ಮು ಕಲಿಸಲು ಬಂದಿದ್ದಾನೆ ಮೊಮ್ಮಗ! ದಾರಿಯಲ್ಲಿ ಸಿಗುವ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಕಾಯುತ್ತ ನಿಂತಿದ್ದಳು. ಕಿಟಕಿಯಿಂದ ಕೈ ಹಾಕಿ, ಬಟ್ಟೆ ಸರಿಸಿ, ಮೊಲದ ಹಣೆ ಸವರಿದಳು.

‘ಡಾಕ್ಟರ್ ಏನಂದ್ರು?’

‘ಔಷಧ ಕೊಟ್ಟಾರ’ ಎಂದೆ. ಹೊಗೆಯ ಮಾತು ಎತ್ತಲಿಲ್ಲ. ಬಸ್ಸು ಹೊರಟಿತು.

ಹದಿನೈದು ದಿನ ಅವನು ಹೇಳಿದ ಹಾಗೆ ಮಾಡಿ ನೋಡುತ್ತೇನೆ, ಮೊಲ ಸೀನಲಿ, ಆಮೇಲೆ ಲಿಂಗಸುಗೂರಿಗೇ ಹೋಗಿ ಕೇಳುತ್ತೇನೆ ಎಂದು ಹಟ ತೊಟ್ಟೆ. ಹೊಟ್ಟನ್ನು ಹೊರಗೆ ಸುರಿದು, ಹಳೆಯ ಕೌದಿ ಹರಿದು ತುಂಡು ಮಾಡಿ ಹಾಸಿದೆ. ದಿನಕ್ಕೊಂದು ತುಂಡು ಒಗೆದು ಬಿಸಿಲಿಗೆ ಹಾಕುವುದು, ಉಚ್ಚೆಯ ನಾತ ನಿಲ್ಲದಂತೆ ಪಂಜರ ಒರೆಸುವುದು. ಪಂಜರವನ್ನು ಒಲೆಯಿಂದ ದೂರ, ಪಡಸಾಲೆಗೆ ತಂದೆ. ಸೂಜಿ ಇಲ್ಲದ ಸಿರಿಂಜಿನಿಂದ ಎರಡು ಹೊತ್ತು ಔಷಧ. ಕೂಸಿಗೆ ಒಳಲೆಯಲ್ಲಿ ಹಾಲು ಹಾಕಿ ಪಳಗಿದ ಕೈ ಇದು, ಒಂದು ಹನಿ ಹೊರಗೆ ಬೀಳಲಿಲ್ಲ.

ಮೊಲ ಸೀನಲಿಲ್ಲ. ಖುಷಿಯಾಗಬೇಕಿತ್ತು, ಆಯಿತು. ಆದರೆ ಅವನು ಹೇಳಿದ್ದು ನಿಜವಾದರೆ, ಬಾಗಿಲಲ್ಲಿ ಕೇಳಿದ್ದಕ್ಕೂ ಉತ್ತರ ಕೊಡಬೇಕಲ್ಲ. ಆಮೇಲಿನ ತಿಂಗಳುಗಳಲ್ಲಿ ಯಾರಾದರೂ ಎರೆಯಲು ಕರೆದರೆ ಮೊಣಕಾಲು ನೋವು ಎಂದು ತಪ್ಪಿಸಿಕೊಂಡೆ.

ಬೆಳಿಗ್ಗೆ ಎದ್ದು ನನ್ನ ಮುಖ ತೊಳೆಯುವ ಮೊದಲು ಮೊಲದ ಮುಂಗಾಲು ಬಿಡಿಸಿ ನೋಡುವುದು ರೂಢಿಯಾಯಿತು. ಒಣಗಿದ್ದರೆ ದಿನ ಚೆನ್ನ. ಸುಗ್ಗಿ ಮುಗಿದು ಗಿರಣಿಗಳ ಧೂಳು ಓಣಿಗೆಲ್ಲ ಹಾರುವಾಗ ಒಮ್ಮೆ, ಬಿಸಿಲು ಏರಿದಾಗ ಇನ್ನೊಮ್ಮೆ, ಕಾಲಿನ ಕೂದಲು ತೇವವಾಗಿತ್ತು. ಆಗಲೇ ಡಾಕ್ಟರಿಗೆ ಫೋನು ಹಚ್ಚಿದೆ.

‘ಕಾಲು ಹಸಿ ಆಗ್ಯಾವ್ರಿ ಸಾಹೇಬ್ರ. ಇನ್ನಾ ಸೀನಿಲ್ಲ.’

‘ಸೀನೋಕಿಂತ ಮೊದ್ಲ ಹಿಡದ್ರಿ?’ ಎಂದ ಅವನು. ‘ಭಾಳ ಛಲೋ ಆತಮ್ಮಾ. ಇಷ್ಟು ಸೂಕ್ಷ್ಮ ಯಾರೂ ನೋಡಂಗಿಲ್ಲ.’

ಆ ಮಾತನ್ನು ಮಗಳಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಕೇಳದವರಿಗೂ ಹೇಳಿದೆ. ಹೊಗೆಯ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ ಪಂಜರದ ಮುಂದೆ ಭಾರವಾಗಿ ಕೂತಳು. ಮೊಲ ಅವಳ ಸೆರಗು ಕಡಿಯಿತು. ಅವಳು ನಗುತ್ತ ಅಳುತ್ತ ನನ್ನನ್ನು ನೋಡಿದಳು. ನನ್ನ ಮಾತು ಉಳಿದಿತ್ತು.

ಹೆಣ್ಣು ಕೂಸು ಹುಟ್ಟಿತು. ಮನೆಗೆ ಬಂದ ಮೇಲೆ ನಾನೇ ಎರೆದೆ. ಮೊಮ್ಮಗಳನ್ನು ಅರಿವೆಯಲ್ಲಿ ಸುತ್ತಿ ಕಾಲ ಮೇಲೆ ಇಟ್ಟುಕೊಂಡಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯಾಕೆ ಅಗ್ಗಿಷ್ಟಿಕೆ ಹಿಡಿದು ಬಂದಳು. ನನ್ನ ವಾರಿಗೆಯವಳು, ನನ್ನ ಮೇಲಿನ ಪ್ರೀತಿಗೆ ತಾನೇ ಕೆಂಡ ಮಾಡಿ ತಂದಿದ್ದಳು.

‘ಹಾಕು ಲೋಬಾನ’ ಎಂದಳು.

‘ಹೊರಗ ಒಯ್ಯಿ. ಬ್ಯಾಡ.’

‘ಯಾಕ? ಓಣ್ಯಾಗಿನ ಕೂಸಿಗೆಲ್ಲಾ ಹಾಕೀದಿ. ನನ್ನ ಮೊಮ್ಮಗಗೂ ನೀನ ಹಾಕೀದಿ. ನಿನ್ನ ಮೊಮ್ಮಗಳಿಗೆ ಬ್ಯಾಡೇನು?’

ಮೊಣಕಾಲು ನೋವು ಎನ್ನಲು ಈಗ ಆಗುತ್ತಿರಲಿಲ್ಲ. ಮಂಚದ ಮೇಲಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು.

‘ಹಾಕೀನಿ. ತಪ್ಪು ಮಾಡೀನಿ’ ಎಂದೆ. ‘ಮೊಲಕ್ಕೂ ಹಾಕಿದ್ದೆ. ಅದನ್ನ ಸಾಯಾಕ ತಂದಾಕಿ ನಾನ. ಗೊತ್ತಿಲ್ದ ಹಾಕಿದ್ದು ಬ್ಯಾರೆ. ಗೊತ್ತಾದ ಮ್ಯಾಲೂ ಹಾಕಿದ್ರ ಈ ಕೈಗೆ ಗುಣ ಎಲ್ಲಿಂದ ಬರ್ತೈತಿ?’

ಅವಳು ಗೊಣಗುತ್ತ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದಳು. ನನಗೆ ನಾಚಿಕೆಯಾಗಲಿಲ್ಲ. ಆ ಓಣಿಯಲ್ಲಿ ಅಷ್ಟು ದೊಡ್ಡ ಮಾತು ನಾನು ಯಾವತ್ತೂ ಆಡಿರಲಿಲ್ಲ ಎನಿಸಿತು.

‘ಯವ್ವಾ, ನೀನ ಕೆಡಸಿ ನೀನ ಉಳಸಿದ್ಯಾ?’ ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ.

‘ಹೂಂ. ಉಳಸೋದ ಕಷ್ಟ ಇತ್ತು’ ಎಂದು ಕೂಸನ್ನು ತೊಟ್ಟಿಲಿಗೆ ಹಾಕಿದೆ. ಮೊಲದ ಮುಂಗಾಲು ನೋಡುವ ರೂಢಿಯಲ್ಲಿ ಕೂಸಿನ ಮುಷ್ಟಿಯನ್ನೂ ಬಿಡಿಸಿ ಒಳಗೆ ನೋಡಿದೆ. ಒಣಗಿತ್ತು. ಹೊಗೆ ಇಲ್ಲದೆಯೇ ಕೂಸು ಮಧ್ಯಾಹ್ನದ ತನಕ ಮಲಗಿತು. ಅಂದರೆ ಇಷ್ಟು ವರ್ಷ ಕೂಸುಗಳನ್ನು ಮಲಗಿಸಿದ್ದು ಲೋಬಾನವಲ್ಲ, ನನ್ನ ಕೈ.