ಕೀಲಿಕೈ ನೆಕ್ಕಿಸಿದ ಮಾವ

ನಮ್ಮ ಸ್ವಾದರಮಾವನ ನಾಲಿಗಿ ಕರ್ರಗಿತ್ತು. ಹಲ್ಲೂ ಹಂಗ, ಒಲಿಯಾಗ ಬಿದ್ದು ಸುಟ್ಟ ಶೇಂಗಾದಂಗ. ತಾ ಮಾಡಿದ ಕಬ್ಬಿಣದ ಔಷಧ ತಾನ ನೆಕ್ಕಿ ನೆಕ್ಕಿ ಆ ಬಣ್ಣ ಬಂದಿತ್ತು. ಅದನ್ನ ಹೊರಗ ಚಾಚಿ, "ನೋಡ್ರಿ, ರಕ್ತ ಎಷ್ಟು ಗಟ್ಟಿ ಆಗೇತಿ" ಅಂತ ಬಂದವರಿಗೆಲ್ಲ ತೋರಸತಿದ್ದ. ನಾಚಿಕಿ ಅನ್ನೋದು ಆ ಮನಶ್ಯಾಗ ಗೊತ್ತ ಇದ್ದಿಲ್ಲ.

ಗಜೇಂದ್ರಗಡದ ಬಜಾರದಾಗ ಸೀರಿ ಅಂಗಡಿ ಅವಂದು. ಯಾವುದೋ ವೈದ್ಯದ ಪುಸ್ತಕ ಅರ್ಧ ಓದಿದ್ದ, ಉಳಿದರ್ಧ ಇಲಿ ತಿಂದಿತ್ತು. ಅಷ್ಟಕ್ಕ ಡಾಕ್ಟರ್ ಆಗಿಬಿಟ್ಟಿದ್ದ. ನಾ ಮುಶಿಗೇರಿಯಿಂದ ಬಂದು ಅವರ ಮನ್ಯಾಗ ಇದ್ದು ಸಾಲಿ ಕಲಿತಿದ್ದೆ. ಹುಡಿಗ್ಯಾರು ಕುಂದ್ರಾಕಂತ ಆ ಸಾಲಿಗೆ ಅಂವ ತನ್ನ ಮನಿ ಹಳೇ ಜಮಖಾನ ಕೊಟ್ಟಿದ್ದ. ಕೊಟ್ಟಿದ್ದನ್ನ ಬಸ್ ಸ್ಟ್ಯಾಂಡ್ ಮಟಾ ಹೇಳಕೋತ ಅಡ್ಡ್ಯಾಡಿದ್ದ.

ಸಾಲ್ಯಾಗ ನಾ ಒಂದ ಕಡೆ ಕೂಡತಿದ್ದಿಲ್ಲ. ಮಿಸುಕತಿದ್ದೆ, ತುರಿಸಿಕೋತಿದ್ದೆ, ಮತ್ತ ಮತ್ತ ಏಳತಿದ್ದೆ. ಸುದ್ದಿ ಮಾವನ ಕಿವಿಗೆ ಬಿತ್ತು. ಅಂಗಡಿ ಕೀಲಿಕೈ ತಂದು ನನ್ನ ನಾಲಿಗಿ ಮ್ಯಾಲೆ ಇಟ್ಟ.

"ಹ್ಯಾಂಗೈತಿ?"

"ಸಪ್ಪಗೈತಿ ಮಾವ."

ತಾಮ್ರದ ದುಡ್ಡು ಇಟ್ಟ. "ಇದು?"

"ಇದೂ ಸಪ್ಪಗೈತಿ."

ತೊಡಿ ತಟಗೊಂಡ. "ಮೈಯಾಗ ಕಬ್ಬಿಣಾನೂ ಇಲ್ಲ, ತಾಮ್ರಾನೂ ಇಲ್ಲ! ಚಿತ್ತ ನಿಂದ್ರೂದರ ಹ್ಯಾಂಗ?"

ಕೀಲಿಕೈ ಏನು ಹೋಳಿಗಿಯಂಗ ರುಚಿ ಇರತೈತೇನು, ದಡ್ಡ!

ನಮ್ಮಪ್ಪಗ ಹೇಳಿ ಕಳಿಸಿದ: "ದೀಪಾವಳಿ ತನಕಾ ನನ್ನ ಔಷಧ ಕುಡೀಲಿ. ಆಗಲೂ ಸ್ಥಿರ ಕುಂದ್ರಲಿಲ್ಲಂದ್ರ ಸಾಲಿ ಬಿಡಿಸಿ ಕಂಡಕಿ ಸುತ್ತಾಕ ಹಚ್ಚೂಣು." ಕಂಡಕಿ ಅಂದ್ರ ಮಗ್ಗಕ್ಕ ನೂಲು ಸುತ್ತೂದು, ಹೊತ್ತು ಮುಣಗೂ ಮಟಾ ಗೋಡಿ ನೋಡಕೋತ ರಾಟಿ ತಿರುವೂದು. ಲೆಕ್ಕ ಬರತಿತ್ತು, ಪದ್ಯ ಬರತಿತ್ತು, ಕುಂದ್ರೂದೊಂದ ಬರತಿದ್ದಿಲ್ಲ.

ಔಷಧ ಅಂದ್ರ ಕಂಬಾರನ ಕುಲುಮಿ ಪುಡಿ, ಹುಣಸಿಹುಳಿ, ಮ್ಯಾಲೆ ಬೆಲ್ಲ. ರುಚಿ ಅಂದ್ರ ತುಕ್ಕು ಹಿಡಿದ ಮೊಳಿ ಚೀಪಿದಂಗ. ಅದಕ್ಕ ನಾ ನುಂಗತಿದ್ದಿಲ್ಲ. ಬಾಯಾಗ ಹಿಡಕೊಂಡ ಸಾಲಿಗೆ ಓಡಿ, ಜಮಖಾನದ ಅಂಚು ಎತ್ತಿ ಅದರ ಬುಡಕ ಉಗುಳತಿದ್ದೆ. ಮಾತಾಡಸಿದವರಿಗೆ ಬರೇ ಗೋಣ ಅಲಗಾಡಸತಿದ್ದೆ. "ಹುಡಿಗಿ ಎಷ್ಟು ಶಾಂತ ಆತು" ಅಂತ ಮಾವ ಮೀಸಿ ತಿರುವತಿದ್ದ.

ಬೆಲ್ಲಕ್ಕ ಇರಿವಿ ಬಂದ್ವು. ಸಾಲಿ ಕಲಸೂ ಅಕ್ಕೋರು ಬೈಕೋತ ಜಮಖಾನ ಎಳದು ಅಂಗಳದ ಬಿಸಲಾಗ ಹಾಕಿಸಿದ್ರು. ಕಲ್ಲು ಕಾದಂಗ ಅದರೊಳಗಿಂದ ತಗಣಿ ಹೊಂಟ್ವು ನೋಡ್ರಿ, ದಿಬ್ಬಣ ಹೊಂಟಂಗ! ನಮ್ಮನ್ನ ಕಡದು ಕಡದು ಉಬ್ಬಿದ್ದ ತಗಣಿ. ಮರುದಿನ ಬರೇ ನೆಲದ ಮ್ಯಾಲೆ ಎಲ್ಲಾ ಹುಡಿಗ್ಯಾರೂ ಗೊಂಬಿ ಇಟ್ಟಂಗ ಕುಂತಿವಿ.

ಅಕ್ಕೋರು ಅಂಗಡಿಗೆ ಹೋಗಿ ಮೆತ್ತಗ ಹೇಳಿದ್ರು, "ಸಾವಕಾರ್ರ, ಜಮಖಾನದಾಗ ತಗಣಿ ಇದ್ವುರಿ. ಅದಕ್ಕ ಹುಡಿಗ್ಯಾರು ಮಿಸುಕತಿದ್ವು."

"ನಮ್ಮನಿ ಜಮಖಾನದಾಗ ತಗಣಿ?" ಮಾವ ಕಣ್ಣು ತಗದ. "ಅಕ್ಕೋರ, ನಮ್ಮ ಹುಡಿಗಿ ರಕ್ತದಾಗ ಕಬ್ಬಿಣ ಏರೇತಿ. ಕಡ್ಯಾಕ ಆಗವಲ್ದು ಅಂತ ತಗಣಿ ಹೊರಗ ಬಿದ್ದಾವ್ರಿ!"

ಅಕ್ಕೋರು ಸೆರಗು ಬಾಯಿಗಿಟಗೊಂಡ ಹೋದ್ರು.

ದೀಪಾವಳಿ ಬಂತು. ನನ್ನ ಸಾಲಿ ಬಿಡಿಸಿದ್ರ ಔಷಧ ಸೋತಂಗ, ಅದಕ್ಕ ಬಿಡಸಲಿಲ್ಲ. ಊರಿಗೆಲ್ಲ ತೋರಸಾಕ ನಾ ಬೇಕಿತ್ತು. ಆ ಸೊಕ್ಕಿನ ಬೆನ್ನಿಗೆ ಬಿದ್ದು ನಾ ಮುಲ್ಕಿ, ಅಂದ್ರ ಏಳನೇತ್ತೆ ಪರೀಕ್ಷಾ, ಪಾಸಾದೆ. ಇವತ್ತ ಈ ಫೋನಿನ್ಯಾಗ ಅಕ್ಷರ ಒತ್ತತೀನಲ್ಲ, ಅದು ಅವನ ಉಪಕಾರ. ಹೇಳಾಕ ನನಗೂ ಹೊಟ್ಟಿ ಉರೀತೈತಿ.

ಸಾಯೂ ಮುಂದೂ ನನ್ನ ಕೈ ಹಿಡದು, "ಕಬ್ಬಿಣ ಬಿಡಬ್ಯಾಡವಾ" ಅಂದ. ನಾ ಬಾಯಾಗ ಔಷಧ ಇದ್ದಂಗ ಬರೇ ಗೋಣ ಹಾಕಿದೆ.

ಮೊನ್ನೆ ನನ್ನ ಮರಿಮಗಳನ್ನ ದವಾಖಾನಿಗೆ ಒಯ್ದಿದ್ವಿ. ಒಂದ ಕಡೆ ನಿಂದ್ರಂಗಿಲ್ಲ, ಹೇಳಿದ್ದ ಕೇಳಂಗಿಲ್ಲ. ಡಾಕ್ಟರ್ ರಕ್ತ ತಪಾಸ ಮಾಡಿ, "ಕಬ್ಬಿಣ ಕಮ್ಮಿ ಐತಿ ಅಜ್ಜಿ, ಜಿಂಕೂ ಕಮ್ಮಿ. ಇದೂ ಒಂದ ಕಾರಣ ಇರಬಹುದು" ಅಂದ್ರು. ಮಾವ ಸತ್ತದ್ದ ಪುಣ್ಯಾ ಆತು. ಈ ಮಾತ ಕೇಳಿದ್ರ ಗಜೇಂದ್ರಗಡದಾಗ ಯಾರನ್ನೂ ಬಾಳಾಕ ಬಿಡತಿದ್ದಿಲ್ಲ.

ಗುಳಗಿ ತೊಗೊಂಡ ಬಂದ್ವಿ. ಆದ್ರೂ ಮನಿಗೆ ಬಂದಕೂಡ್ಲೆ ನಾ ಮದಲ ಕೂಸಿನ ಗಾದಿ ಎತ್ತಿ ನೋಡಿದೆ.