ಬಲಗಡೆಯಿಂದ ಬಂದ ಒಂಟೆ

ನನಗೆ ಐವತ್ತು ತುಂಬಿದ ವಾರ ಡಿಪಾರ್ಟ್‌ಮೆಂಟಿನವರು ಫಿಕಾ ಎನ್ನುವ ಕಾಫಿ ಬಿಡುವಿನಲ್ಲಿ ಕೇಕ್ ಕತ್ತರಿಸಿ ಕೈಗೊಂದು ಲಕೋಟೆ ಕೊಟ್ಟರು. ಇಲ್ಲಿ ಸ್ವೀಡನ್ನಿನಲ್ಲಿ ಐವತ್ತೆಂದರೆ ದೊಡ್ಡ ಸಂಗತಿ. ನಮ್ಮ ಕಡೆ ಅರವತ್ತಕ್ಕೆ ಶಾಂತಿ ಮಾಡಿಸುತ್ತಾರೆ, ಅದೂ ಗಂಡಸರಿಗೆ. ಐವತ್ತಾದ ಹೆಂಗಸಿಗೆ ಸಿಗುವುದು ಕನ್ನಡಕದ ಹೊಸ ನಂಬರು ಮಾತ್ರ. ಲಕೋಟೆಯೊಳಗಿನ ಚೀಟಿಯಲ್ಲಿ ‘ಅರ್ಧ ದಿನದ ಮರುಭೂಮಿ ಪ್ರವಾಸ, ಇಬ್ಬರಿಗೆ’ ಎಂದಿತ್ತು. ಒಂಟೆ ಸವಾರಿ, ನಾಲ್ಕು ಚಕ್ರದ ಕ್ವಾಡ್ ಬೈಕು, ಕೊನೆಯಲ್ಲಿ ಕಾಫಿ, ದಾಲ್ಚಿನ್ನಿ ಬನ್ನು. ಸ್ಥಳ ನಾವಿರುವ ಉತ್ತರದ ಉಮೆಯೊ ಪಟ್ಟಣದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹಳೆಯ ಮರಳು ಕ್ವಾರಿ.

ನಾನು ಹದಿನೈದು ವರ್ಷದಿಂದ ಪಾಚಿಯ ಮೇಲೆ ಸಂಶೋಧನೆ ಮಾಡುತ್ತಿರುವವಳು. ಒದ್ದೆ ಇಲ್ಲದ ಕಡೆ ನನಗೆ ಕೆಲಸವಿಲ್ಲ. ನಿನಗೆ ಊರಿನ ನೆನಪಾಗಲಿ ಅಂತ ಆರಿಸಿದೆವು ಎಂದು ಸಹೋದ್ಯೋಗಿಯೊಬ್ಬಳು ನಿಜವಾದ ಪ್ರೀತಿಯಿಂದಲೇ ಹೇಳಿದಳು. ನನ್ನ ಊರು ದಾವಣಗೆರೆ. ಅಲ್ಲಿ ನಾನು ಒಂಟೆ ನೋಡಿದ್ದು ಸರ್ಕಸ್ ಬಂದಾಗ ಒಮ್ಮೆ, ಪಿಕ್‌ನಿಕ್ಕಿಗೆ ಹೋದಾಗ ಒಮ್ಮೆ. ಅದನ್ನೆಲ್ಲ ವಿವರಿಸಲು ಹೋಗಲಿಲ್ಲ. ತುಂಬಾ ಚೆನ್ನಾಗಿದೆ ಎಂದು ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡೆ.

ಚೀಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಕ್ವಾಡ್ ಓಡಿಸುವವರು ಡ್ರೈವಿಂಗ್ ಲೈಸೆನ್ಸ್ ತರಬೇಕು. ಅದನ್ನು ಓದಿದವಳೇ ಚೀಟಿಯನ್ನು ಮಡಚಿಬಿಟ್ಟೆ. ಯಾಕೆಂದು ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಸ್ವೀಡನ್ನಿನಲ್ಲಿ ಮಕ್ಕಳು ಹದಿನಾರಕ್ಕೆ ಕಾರು ಕಲಿಯಲು ಶುರು ಮಾಡಬಹುದು. ಹೆಚ್ಚಿನವರಿಗೆ ಕಲಿಸುವುದು ಅಪ್ಪ ಅಮ್ಮನೇ. ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಹಿಂದೆ ಕಲಿಯುವವರ ಹಸಿರು ಫಲಕ ಅಂಟಿಸಿಕೊಂಡ ಕಾರು ಜರ್ಕು ಹೊಡೆಯುತ್ತಾ ಹೋಗುವುದನ್ನು ನನ್ನ ಮಗಳು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು. ಆಗ ಅವಳಿಗೆ ಹದಿನಾಲ್ಕು. ನಿನಗೆ ನಾನು ಕಲಿಸ್ತೀನಿ, ಇಪ್ಪತ್ತೆರಡನೇ ವಯಸ್ಸಿನಿಂದ ಕಾರು ಓಡಿಸಿದವಳು ನಾನು, ಪಿ.ಬಿ. ರೋಡಿನ ಲಾರಿಗಳ ಮಧ್ಯೆ ಓಡಿಸಿದವಳು ಎಂದು ಕೊಚ್ಚಿಕೊಂಡೆ. ಅವಳ ಅಪ್ಪ ದೂರದ ರಾಜಧಾನಿಯ ಪಕ್ಕದ ಫ್ಲೆಮಿಂಗ್ಸ್‌ಬೆರ್ಯ್ ಆಸ್ಪತ್ರೆಯ ಲ್ಯಾಬಿನಲ್ಲಿದ್ದು, ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಬಂದುಹೋಗುವ ಮನುಷ್ಯ. ಸ್ಕೂಟರು ಬಿಟ್ಟು ಬೇರೇನೂ ಓಡಿಸಿದವರಲ್ಲ. ಹಾಗಾಗಿ ಆ ಮಾತು ನನ್ನ ತಲೆಯ ಮೇಲೆಯೇ ಉಳಿಯಿತು.

ನಮ್ಮ ಲೈಸೆನ್ಸು ಇಲ್ಲಿ ನಡೆಯುವುದು ಮೊದಲ ಒಂದು ವರ್ಷ ಮಾತ್ರ. ಆಮೇಲೆ ಸ್ವೀಡನ್ನಿನ ಪರೀಕ್ಷೆ ಪಾಸು ಮಾಡಬೇಕು. ಥಿಯರಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದೆ, ಓದಿ ಬರೆಯುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ರಸ್ತೆಯ ಪರೀಕ್ಷೆಯಲ್ಲಿ ಮೂರು ಸಲ ಫೇಲಾದೆ. ಮೂರು ಸಲವೂ ಒಂದೇ ಕಾರಣ. ಇಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಸಣ್ಣ ಗಲ್ಲಿಯೇ ಇರಲಿ, ಬರುವುದು ಮುದುಕಿಯ ಮೊಪೆಡ್ಡೇ ಇರಲಿ. ನಮ್ಮಲ್ಲಿ ಯಾರು ಮೊದಲು ಮೂಗು ತೂರಿಸುತ್ತಾರೋ ದಾರಿ ಅವರದ್ದು. ಮೊದಲ ಸಲ ಮೊಪೆಡ್ಡನ್ನು ನೋಡಲೇ ಇಲ್ಲ. ಎರಡನೆಯ ಸಲ ನೋಡಿದೆ, ಅದು ದೂರವಿದೆ ಅಂದುಕೊಂಡೆ. ಮೂರನೆಯ ಸಲ ಬಲಗಡೆಯ ಕಾರಿನವನು ಸ್ವಲ್ಪ ನಿಧಾನ ಮಾಡಿದ, ಪಾಪ ಒಳ್ಳೆಯವನು, ನನಗೆ ದಾರಿ ಬಿಡುತ್ತಿದ್ದಾನೆ ಎಂದು ಮುನ್ನುಗ್ಗಿದೆ. ಪರೀಕ್ಷಕರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅವರು ಅದನ್ನು ಒತ್ತಿದರೆ ಅಲ್ಲಿಗೆ ಮುಗಿಯಿತು. ಮೂರೂ ಸಲ ಒತ್ತಿದರು.

ಮೂರು ದಿನವೂ ಮೀಟಿಂಗ್ ಇದೆ ಎಂದು ಮನೆಯಲ್ಲಿ ಹೇಳಿ ಹೋಗಿದ್ದೆ. ಮೂರನೆಯ ಸಲದ ನಂತರ ನಿಯಮಗಳನ್ನು ಸಾವಧಾನವಾಗಿ ಓದಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಕಲಿಸುವವರ ಬಳಿ ಕನಿಷ್ಠ ಐದು ವರ್ಷದಿಂದ ಲೈಸೆನ್ಸ್ ಇರಬೇಕು, ದಾವಣಗೆರೆಯದ್ದು ಲೆಕ್ಕಕ್ಕಿಲ್ಲ. ಅಂದರೆ ನಾಳೆಯೇ ಪಾಸಾದರೂ ನಾನು ಮಗಳ ಪಕ್ಕದಲ್ಲಿ ಕೂರುವಂತಿಲ್ಲ. ಇದನ್ನು ಅವಳಿಗೆ ಹೇಳಬೇಕಿತ್ತು. ಇವತ್ತು ನಾಳೆ ಎಂದು ಒಂದು ವರ್ಷ ತಳ್ಳಿದೆ. ಪ್ರವಾಸದ ಚೀಟಿ ಬಂದಾಗ ಅವಳ ಹದಿನಾರಕ್ಕೆ ಮೂರು ವಾರ ಉಳಿದಿತ್ತು.

ಮೇ ತಿಂಗಳ ಕೊನೆಯ ಶನಿವಾರ ಇಬ್ಬರೂ ಹೊರಟೆವು. ಬರ್ಚ್ ಮರಗಳಲ್ಲಿ ಎಲೆ ಆಗಷ್ಟೇ ಬಿಡುತ್ತಿತ್ತು, ಸೊಳ್ಳೆಗಳು ಇನ್ನೂ ಎದ್ದಿರಲಿಲ್ಲ. ಪರ್ಸಿನಲ್ಲಿ ನನ್ನ ಕರ್ನಾಟಕದ ಲೈಸೆನ್ಸ್ ಇಟ್ಟುಕೊಂಡಿದ್ದೆ. ಮರಳು ಗುಂಡಿಯಲ್ಲಿ ಬೈಕು ಓಡಿಸುವುದಕ್ಕೆ ಯಾರು ಅಷ್ಟೆಲ್ಲ ಕೇಳುತ್ತಾರೆ ಎಂಬ ಧೈರ್ಯ. ಹನ್ನೊಂದು ವರ್ಷ ಈ ದೇಶದಲ್ಲಿದ್ದೂ ಹಾಗೆ ಯೋಚಿಸಿದೆನಲ್ಲ ಎಂದು ಈಗ ನಗು ಬರುತ್ತದೆ.

ಬಸ್‌ಸ್ಟಾಪಿಗೆ ಆ ಪ್ರವಾಸದ ಜಾಗದ ಮಾಲೀಕನೇ ಕಾರಿನಲ್ಲಿ ಬಂದಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ, ಅದೇ ಕ್ವಾರಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವನು. ಕ್ವಾರಿ ಮುಚ್ಚಿದ ಮೇಲೆ ಮರಳು ಉಳಿಯಿತು, ತಾನೂ ಉಳಿದೆ, ಒಂಟೆ ತಂದೆ ಎಂದು ಮೂರು ತುಂಡು ಮಾತಿನಲ್ಲಿ ತನ್ನ ಚರಿತ್ರೆ ಮುಗಿಸಿದ. ಉಳಿದ ದಾರಿಯೆಲ್ಲ ಸುಮ್ಮನಿದ್ದ. ನಾವೂ ಸುಮ್ಮನಿದ್ದೆವು. ಉತ್ತರದವರ ಮೌನ ನನಗೆ ಈಗ ಅಭ್ಯಾಸವಾಗಿದೆ, ಮಗಳಿಗಂತೂ ಅದು ಮಾತೃಭಾಷೆ.

ಮರುಭೂಮಿ ಎಂದರೆ ನಾಲ್ಕು ಫುಟ್‌ಬಾಲ್ ಮೈದಾನದಷ್ಟು ಹಳದಿ ಮರಳು, ಸುತ್ತ ಪೈನ್ ಕಾಡು, ಅಂಚಿನಲ್ಲಿ ಒಂದು ಟೆಂಟು. ಒಂಟೆಗಳು ಮೂರು, ಎರಡು ಡುಬ್ಬದವು. ಚಳಿಗಾಲದ ಉಣ್ಣೆ ಉದುರುವ ಕಾಲವಾದ್ದರಿಂದ ಮೈಮೇಲೆಲ್ಲ ಹರಿದ ಕಂಬಳಿ ಹೊದ್ದಂತೆ ಕಾಣುತ್ತಿದ್ದವು. ನಾನು ಎಲ್ಲಿಯವಳೆಂದು ಮಾಲೀಕ ಕೇಳಿದ. ಹೇಳಿದೆ. ಇವು ಚಳಿ ಮರುಭೂಮಿಯ ಜಾತಿ, ನಿಮ್ಮ ಊರಿನ ಬಿಸಿಲು ಇವುಗಳಿಗೆ ಆಗಲಿಕ್ಕಿಲ್ಲ ಎಂದ. ನನ್ನ ಊರಿನ ನೆನಪು ತರಬೇಕಾಗಿದ್ದ ಪ್ರಾಣಿಗೆ ನನ್ನ ಊರೇ ಆಗುವುದಿಲ್ಲ ಎನ್ನುವುದನ್ನು ಸಹೋದ್ಯೋಗಿಗೆ ಹೇಳಬಾರದೆಂದು ಅಲ್ಲೇ ನಿರ್ಧರಿಸಿದೆ.

ಸವಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ನಾವು ಮುಂದಿನ ಡುಬ್ಬವನ್ನು ತಬ್ಬಿಕೊಳ್ಳುತ್ತೇವೆ, ಆಮೇಲೆ ಅರ್ಧ ಗಂಟೆ ಕಾಡಿನ ಅಂಚಿನಲ್ಲಿ ತೂಗಾಡುತ್ತೇವೆ. ಮುಂದೆ ಮಗಳ ಒಂಟೆ, ಹಿಂದೆ ನನ್ನದು. ಅವಳ ಬೆನ್ನು ನೋಡುತ್ತಾ ಈಗ ಹೇಳಲಾ, ಈಗ ಹೇಳಲಾ ಎಂದುಕೊಂಡೆ. ಒಂಟೆಯ ಮೇಲಿಂದ ಕೂಗಿ ಹೇಳುವ ವಿಷಯ ಅದಲ್ಲ ಎಂಬ ನೆಪ ಸಿಕ್ಕಿತು. ನೆಪಗಳಿಗೆ ನನಗೆ ಎಂದೂ ಬರವಿಲ್ಲ.

ಕ್ವಾಡ್ ಬೈಕುಗಳ ಬಳಿ ಮಾಲೀಕ ಕೈಚಾಚಿ ಲೈಸೆನ್ಸ್ ಕೇಳಿದ. ಮಗಳು ತನ್ನ ಮೊಪೆಡ್ ಲೈಸೆನ್ಸ್ ಕೊಟ್ಟಳು. ಹದಿನೈದಕ್ಕೇ ಕೋರ್ಸ್ ಮಾಡಿ ಮೊದಲ ಪ್ರಯತ್ನದಲ್ಲೇ ತೆಗೆದುಕೊಂಡದ್ದು. ನಾನು ನನ್ನದು ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಆಸಕ್ತಿಯಿಂದಲೇ ನೋಡಿ, ಸ್ವೀಡನ್ನಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದ. ಹನ್ನೊಂದು ಎಂದೆ. ಹಾಗಾದರೆ ಇದು ಹತ್ತು ವರ್ಷದ ಹಿಂದೆಯೇ ಮುಗಿದಿದೆ ಎಂದು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಅವನಿಗೆ ಬೇಸರವಿರಲಿಲ್ಲ, ಕೋಪವೂ ಇರಲಿಲ್ಲ. ಜಾಗ ತನ್ನದೇ ಆದರೂ ವಿಮೆಯವರು ಒಪ್ಪುವುದಿಲ್ಲ, ಹುಡುಗಿ ಓಡಿಸಲಿ, ಅಮ್ಮ ಹಿಂದೆ ಕೂರಲಿ ಎಂದ.

ಮಗಳು ನನ್ನ ಕಡೆ ನೋಡಲಿಲ್ಲ. ಹೆಲ್ಮೆಟ್ ಹಾಕಿಕೊಂಡಳು, ನನ್ನದರ ಬಕಲ್ ಸಿಗದೆ ನಾನು ಒದ್ದಾಡುತ್ತಿದ್ದಾಗ ಬಂದು ಅದನ್ನೂ ಹಾಕಿದಳು. ನನಗೆ ನಾಚಿಕೆಯಾಗಿತ್ತು. ಇಷ್ಟು ವರ್ಷ ಅವಳ ಬಟನ್ನು, ಶೂಲೇಸು, ಸ್ನೋಸೂಟಿನ ಜಿಪ್ಪು ಹಾಕಿದವಳು ಕತ್ತೆತ್ತಿಕೊಂಡು ನಿಂತಿದ್ದೆ.

ಅವಳು ಚೆನ್ನಾಗಿ ಓಡಿಸಿದಳು. ಇದನ್ನು ತಾಯಿಯಾಗಿ ಹೇಳುತ್ತಿಲ್ಲ, ಮೂರು ಸಲ ಫೇಲಾದವಳಾಗಿ ಹೇಳುತ್ತಿದ್ದೇನೆ. ತಿರುಗುವ ಮೊದಲು ಭುಜದ ಮೇಲಿಂದ ಹಿಂದೆ ನೋಡುತ್ತಿದ್ದಳು. ಮಾಲೀಕನ ಗಾಡಿ ಮುಂದೆ, ನಮ್ಮದು ಹಿಂದೆ, ಮರಳಿನ ದಿಣ್ಣೆಗಳನ್ನು ಹತ್ತಿ ಇಳಿದೆವು. ಕ್ವಾರಿಯ ಮಧ್ಯದಲ್ಲಿ ಎರಡು ಹಳೆಯ ಲಾರಿ ದಾರಿಗಳು ಕೂಡುವ ಜಾಗವೊಂದಿತ್ತು. ಅಲ್ಲಿಗೆ ಇನ್ನೂ ಹತ್ತು ಮಾರು ಇರುವಾಗಲೇ ಅವಳು ವೇಗ ಇಳಿಸಿ ನಿಲ್ಲಿಸಿದಳು. ಯಾಕೆಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ದಿಣ್ಣೆಯ ಬಲಗಡೆಯಿಂದ ಒಂದು ಒಂಟೆ ಬಂತು. ಹಗ್ಗ ಬಿಚ್ಚಿಬಿಟ್ಟಿದ್ದರಿಂದ ನೀರಿನ ತೊಟ್ಟಿಯ ಕಡೆ ಹೊರಟಿತ್ತು. ಉದುರುವ ಉಣ್ಣೆಯನ್ನು ಎಳೆದುಕೊಂಡು, ನಮ್ಮನ್ನು ಲೆಕ್ಕಕ್ಕೇ ಇಡದೆ, ನಿಧಾನವಾಗಿ ದಾರಿ ದಾಟಿತು. ಅದರ ಹಿಂದೆ ಇನ್ನೊಂದು ಬರುತ್ತಿತ್ತು.

ಮಗಳು ಇಂಜಿನ್ ಆಫ್ ಮಾಡಿದಳು. ನಾನು ಹಿಂದಿನಿಂದ, ಅವಳ ಹೆಲ್ಮೆಟ್ಟಿಗೆ, ಎಲ್ಲ ಹೇಳಿದೆ. ಮೂರು ಪರೀಕ್ಷೆ, ಮೂರು ಸುಳ್ಳು ಮೀಟಿಂಗು, ಬಲಗಡೆಯ ಮೊಪೆಡ್ಡು. ಕೊನೆಯಲ್ಲಿ ಐದು ವರ್ಷದ ನಿಯಮ.

“ಪಾಸ್ ಆದ್ರೂ ನಾನು ನಿಂಗೆ ಕಲಿಸೋ ಹಾಗಿಲ್ಲ,” ಎಂದೆ.

ಅವಳು ಸ್ವೀಡಿಶ್‌ನಲ್ಲಿ ಉತ್ತರ ಕೊಟ್ಟಳು, ಮನೆಯಲ್ಲಿ ಯಾವಾಗಲೂ ಕೊಡುವ ಹಾಗೆ. ಗೊತ್ತು ಎಂದಳು. ಆ ನಿಯಮವನ್ನು ಚಳಿಗಾಲದಲ್ಲೇ ಗೂಗಲ್ ಮಾಡಿ ನೋಡಿದ್ದಳಂತೆ. ಆಮೇಲೆ ಇನ್ನೊಂದು ವಿಷಯ ಹೇಳಿದಳು. ನಮ್ಮ ಕೆಳಮನೆಯ ನಿವೃತ್ತ ನರ್ಸ್ ಅವಳಿಗೆ ಕಲಿಸಲು ಒಪ್ಪಿದ್ದಾರೆ. ಕಲಿಯುವವರು, ಕಲಿಸುವವರು ಇಬ್ಬರೂ ಮಾಡಬೇಕಾದ ಮೊದಲ ಕೋರ್ಸಿಗೂ ಜಾಗ ಸಿಕ್ಕಿದೆ. ಆದರೆ ಆಕೆ ಒಂದು ಮಾತು ಹೇಳಿದ್ದಾರೆ, ನಿನ್ನ ಅಮ್ಮ ಹೂಂ ಅಂದರೆ ಮಾತ್ರ ಎಂದು.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಮರ್ಯಾದೆಯ ಪದ ಹುಡುಕುವುದರಲ್ಲಿ ಅರ್ಥವಿಲ್ಲ. ಹಿಮದಲ್ಲಿ ನಾವು ಜಾರದಂತೆ ದಾರಿಗೆ ಉಪ್ಪು ಚೆಲ್ಲಿಕೊಡುವ, ದೀಪಾವಳಿಗೆ ಚಕ್ಕುಲಿ ತೆಗೆದುಕೊಂಡು ಜಿಂಜರ್ ಬಿಸ್ಕತ್ತು ವಾಪಸು ಕೊಡುವ ಆ ಒಳ್ಳೆಯ ಹೆಂಗಸಿನ ಮೇಲೆ ಆ ಕ್ಷಣಕ್ಕೆ ಮೈಯೆಲ್ಲ ಉರಿಯಿತು. ನನ್ನ ಜಾಗದಲ್ಲಿ ಅವರು ಕೂರುತ್ತಾರೆ. ಮಗಳಿಗೆ ಕ್ಲಚ್ಚು ಬಿಡುವುದನ್ನು ಅವರು ಹೇಳಿಕೊಡುತ್ತಾರೆ. ಯಾವಾಗ ಒಪ್ಪಿದರು ಎಂದು ಕೇಳಿದೆ. ಮಾರ್ಚಿನಲ್ಲಿ ಎಂದಳು. ಮಾರ್ಚಿನಿಂದ ಯಾಕೆ ಕೇಳಲಿಲ್ಲ ಎಂದೆ.

ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಈ ಸಲ ಕನ್ನಡದಲ್ಲಿ ಹೇಳಿದಳು.

“ಕೇಳಿದ್ರೆ ನೀನು ಓಕೆ ಅಂತಿದ್ದೆ. ಆಮೇಲೆ ಸ್ಯಾಡ್ ಆಗ್ತಿದ್ದೆ. ನಂಗೆ ಹೇಳ್ತಿರ್ಲಿಲ್ಲ.”

ಎರಡನೆಯ ಒಂಟೆಯೂ ದಾಟಿ ಹೋಯಿತು. ನಾನು ಒಂದು ವರ್ಷ ಅವಳಿಗೆ ಬೇಜಾರಾಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ, ಅವಳು ಮೂರು ತಿಂಗಳು ನನಗೆ ಬೇಜಾರಾಗುತ್ತದೆಂದು. ಈ ವಿಷಯದಲ್ಲಿ ಮಾತ್ರ ಅವಳು ನನ್ನಿಂದ ಚೆನ್ನಾಗಿಯೇ ಕಲಿತಿದ್ದಾಳೆ.

ಬೇಜಾರಾಗಿದೆ ಎಂದು ಅವಳಿಗೆ ಹೇಳಿದೆ. ತುಂಬಾ ಆಗಿದೆ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು.

“ಹೂಂ ಅಂತ ಹೇಳು ಅವ್ರಿಗೆ,” ಎಂದೆ. “ನಾನು ಹಿಂದಿನ ಸೀಟಲ್ಲಿ ಕೂತ್ಕೋಬಹುದಾ ಕೇಳು.”

ಅವಳು ಅದನ್ನು ಸುಮಾರು ಹೊತ್ತು ಯೋಚಿಸಿದಳು. ಮಾಲೀಕ ಆಚೆ ದಿಣ್ಣೆಯ ಮೇಲೆ ಗಾಡಿ ನಿಲ್ಲಿಸಿ, ನಮಗೇನಾಯಿತೆಂದು ಕೇಳುವ ಆತುರವೇ ಇಲ್ಲದೆ ಕಾಯುತ್ತಿದ್ದ.

“ಮಾತಾಡಬಾರ್ದು,” ಎಂದಳು ಕೊನೆಗೆ. “ಒಂದು ವರ್ಡ್ ಕೂಡ.”

ಒಪ್ಪಿದೆ. ಟೆಂಟಿಗೆ ಹೋಗಿ ಬನ್ನು ತಿಂದೆವು. ಬಸ್ಸಿನಲ್ಲಿ ಅವಳು ಒಂದು ಲೆಕ್ಕ ಹಾಕಿ ತೋರಿಸಿದಳು. ಕಲಿಸುವವರಿಗೆ ಇಪ್ಪತ್ತನಾಲ್ಕು ವರ್ಷ ಆಗಿರಬೇಕು, ಐದು ವರ್ಷ ಲೈಸೆನ್ಸ್ ಇರಬೇಕು, ಹಾಗಾದರೆ ಇನ್ನು ಎಂಟು ವರ್ಷಕ್ಕೆ ಅವಳೇ ನನಗೆ ಕಲಿಸಬಹುದು. ಆಗ ನನಗೆ ಐವತ್ತೆಂಟು. ಅಷ್ಟು ಕಾಯುವುದಿಲ್ಲ ಎಂದೆ.

ಜೂನ್ ಮುಗಿಯುವ ಮೊದಲೇ ಕೆಳಮನೆಯ ನರ್ಸ್‌ನ ಹಳೆಯ ಕಾರಿನ ಹಿಂದೆ ಹಸಿರು ಫಲಕ ಅಂಟಿತು. ಮೊದಲೆರಡು ಭಾನುವಾರ ಪಾರ್ಕಿಂಗ್ ಜಾಗದಲ್ಲಿ ಜರ್ಕು ಹೊಡೆದದ್ದಾಯಿತು. ಮೂರನೆಯ ಭಾನುವಾರ ಮನೆಗಳ ನಡುವಿನ ರಸ್ತೆಗೆ ಬಂದೆವು. ಮುಂದೆ ಅವರಿಬ್ಬರು, ಹಿಂದೆ ನಾನು, ಮಡಿಲಲ್ಲಿ ಕೈ. ಶಾಲೆಯ ಬಳಿ ಫಲಕವಿಲ್ಲದ ಕೂಡುರಸ್ತೆ. ಬಲಗಡೆಯ ಬೇಲಿಯ ಹಿಂದಿನಿಂದ ಬಿಳಿ ವ್ಯಾನಿನ ಮೂಗು ಕಂಡಿತು. ನನ್ನ ಬಲಗಾಲು ತಾನಾಗಿಯೇ ಎದ್ದು, ಅಲ್ಲಿಲ್ಲದ ಬ್ರೇಕನ್ನು ಹುಡುಕಿ ಮುಂದಿನ ಸೀಟಿನ ಬೆನ್ನನ್ನು ಬಲವಾಗಿ ಒತ್ತಿತು. ಕಾರು ಅಷ್ಟರಲ್ಲಿ ನಿಂತಿತ್ತು.

ವ್ಯಾನು ದಾಟಿ ಹೋಯಿತು. ಸೀಟಿಗೆ ಬಿದ್ದ ಒದೆ ಮಗಳಿಗೆ ಗೊತ್ತಾಗಿತ್ತು. ಅವಳು ಹಿಂದೆ ತಿರುಗಲಿಲ್ಲ, ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

“ಅಮ್ಮ, ಈ ಸಲ ನೀನು ಪಾಸ್,” ಎಂದಳು.

ಮಾತಾಡಬಾರದೆಂದು ಒಪ್ಪಿಕೊಂಡಿದ್ದೆನಲ್ಲ, ಸುಮ್ಮನೆ ಕೂತಿದ್ದೆ.